ಹೊನ್ನೂರಿನಲ್ಲಿ ನಾನು ಅಡಗಿದ ಅಟ್ಟ

ದೆವ್ವ, ಗಾಳಿ, ಹಿಂದಿನ ಜನ್ಮ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೊರಗೆ ಹೋಗುವ ಜಾತಿ ನಂದು. ಹೇಳುವವರ ಮುಖಕ್ಕೇ ನಕ್ಕದ್ದೂ ಉಂಟು. ಈಗ ಅಂಥದ್ದೇ ಒಂದನ್ನು ನಾನೇ ಹೇಳಹೊರಟಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ತುಂಬಿದ ವರ್ಷ ಅದು. ದಾವಣಗೆರೆಯಿಂದ ಯಳಂದೂರಿನ ಅಂಚೆ ಕಚೇರಿಗೆ ನನಗೆ ವರ್ಗವಾಗಿ ಮೂರು ವಾರವಾಗಿತ್ತು. ಕಚೇರಿ, ಬಾಡಿಗೆ ಕೋಣೆ, ಊಟದ ಹೋಟೆಲು ಬಿಟ್ಟರೆ ನಾನು ಏನನ್ನೂ ನೋಡಿರಲಿಲ್ಲ. ಸುತ್ತಮುತ್ತಲ ಒಂದು ಹಳ್ಳಿಗೂ ಕಾಲಿಟ್ಟಿರಲಿಲ್ಲ. ನಮ್ಮ ಪೋಸ್ಟ್‌ಮ್ಯಾನ್ ರಂಗಸ್ವಾಮಿ ಹೊನ್ನೂರಿನವನು. "ಭಾನ್ವಾರ ನಮ್ಮೂರ್ಗೆ ಬನ್ನಿ ಸಾ, ನಲವತ್ತೆರಡರ ಚಳವಳಿ ನಾಟ್ಕ ಆಡ್ತೀವಿ. ನಾನೇ ಇನ್ಸ್‌ಪೆಕ್ಟ್ರು" ಎಂದು ಬೆನ್ನು ಬಿದ್ದಿದ್ದ. ರಾತ್ರಿಯೆಲ್ಲ ನಿದ್ದೆ ಕೆಡುವುದು ನನಗಾಗದು ಎಂದೆ. "ಇದು ಅಗಲೊತ್ತಿನದು ಸಾ. ಸ್ಟೇಜೂ ಇಲ್ಲ, ಪರ್ದೆನೂ ಇಲ್ಲ. ಊರೊಳಗೇ ಆಡೋದು" ಎಂದ.

ಹೋಗಿ ನೋಡಿದರೆ ಅವನು ಹೇಳಿದ ಹಾಗೇ ಇತ್ತು. ಅಲ್ಲಿನ ನಂಜಪ್ಪ ಮೇಷ್ಟ್ರು ಮುದುಕರನ್ನೆಲ್ಲ ಕೇಳಿ ತಿಳಿದುಕೊಂಡು, ಆಗ ಯಾವುದು ಎಲ್ಲಿ ನಡೆದಿತ್ತೋ ಅಲ್ಲೇ ಅದನ್ನು ಆಡಿಸುತ್ತಿದ್ದರು. ಅರಳಿಕಟ್ಟೆಯಲ್ಲಿ ಭಾಷಣ, ಶಾಲೆಯ ಮುಂದೆ ಬಾವುಟ, ಗದ್ದೆಬಯಲಿನ ದಾರಿಯಲ್ಲಿ ಲಾಠಿ ಏಟು. ನೋಡುವವರು ಕೂರುವಂತಿಲ್ಲ, ಆಡುವವರ ಹಿಂದೆಯೇ ನಡೆಯಬೇಕು. ಲಾಠಿಗೆ ಕಬ್ಬಿನ ಜಲ್ಲೆ ಹಿಡಿದಿದ್ದರು. ಏಟು ತಿಂದು ಬಿದ್ದವರು ಜಲ್ಲೆಯನ್ನೇ ಕಿತ್ತುಕೊಂಡು ಸಿಗಿದು ತಿನ್ನುತ್ತಿದ್ದರು. ರಂಗಸ್ವಾಮಿ ಮೀಸೆ ತಿರುವಿ ಗದರುತ್ತಿದ್ದಾಗ ಅವನ ತಾಯಿ ಗುಂಪಿನಿಂದ, "ಟೋಪಿ ಸರ್ಯಾಗಿ ಇಕ್ಕಳ್ಲಾ, ಬೀಳ್ತದೆ" ಎಂದರು. ಅಷ್ಟು ನಕ್ಕ ದಿನ ನನಗೆ ಹೆಚ್ಚು ನೆನಪಿಲ್ಲ.

ಕೊನೆಯ ದೃಶ್ಯ ಒಬ್ಬ ಯುವಕನದು. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಹೊನ್ನೂರು ಮೈಸೂರಿಗೆ. ಕೊಳ್ಳೇಗಾಲದ ಕಡೆ ತಂತಿ ಕತ್ತರಿಸಿದವನೊಬ್ಬ ಓಡಿ ಬಂದು ಈ ಊರು ಹೊಕ್ಕಿದ್ದನಂತೆ. ಪೊಲೀಸರು, ಊರಿನ ಪಟೇಲರು ಮನೆಮನೆ ಹುಡುಕಿದರೂ ಸಿಗಲಿಲ್ಲ. ಎಲ್ಲಿ ಅಡಗಿದ್ದ, ಏನಾದ, ಯಾರಿಗೂ ಗೊತ್ತಿರಲಿಲ್ಲ. ಊರು ಹೊಕ್ಕವನನ್ನೇ ಹಿಡಿಯಲಾರದ ಪಟೇಲರೆಂದು ಊರವರು ಅವರನ್ನು ಮೂವತ್ತು ವರ್ಷದಿಂದ ಛೇಡಿಸುತ್ತಿದ್ದರು. ಆ ಪಟೇಲರೇ ಅಂದು ಮುಖ್ಯ ಅತಿಥಿ. ಗೊತ್ತಿಲ್ಲದ್ದನ್ನು ಹೇಗಾದರೂ ತುಂಬಬೇಕಲ್ಲ ಎಂದು ಮೇಷ್ಟ್ರು ಅವನನ್ನು ಹುಲ್ಲಿನ ಮೆದೆಯಲ್ಲಿ ಅಡಗಿಸುವುದೆಂದು ಬರೆದಿದ್ದರು.

ಆದರೆ ಆ ಪಾತ್ರದವನ ಕಾಲು ಲಾಠಿ ದೃಶ್ಯದಲ್ಲಿ ಉಳುಕಿತ್ತು. ಮೇಷ್ಟ್ರು ಗುಂಪನ್ನೆಲ್ಲ ಕಣ್ಣಲ್ಲೇ ಅಳೆದು ನನ್ನ ಹತ್ತಿರ ಬಂದರು. "ನೀವು ಸುಮ್ನೆ ಓಡಿದ್ರೆ ಸಾಕು ಸಾ. ಮಾತೇನೂ ಇಲ್ಲ. ಅಗೋ ನೋಡಿ, ಬೀದಿ ಕೊನೇಲಿ ಮೆದೆ. ನೆಟ್ಟಗೆ ಓಗಿ ಸೇರ್ಕಬುಡಿ" ಎಂದರು. ಮೆದೆ ಕಣ್ಣಿಗೆ ಕಾಣುತ್ತಲೇ ಇತ್ತು.

ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ನಗುತ್ತಲೇ ಓಡಿದೆ. ಹಿಂದೆ ಜಲ್ಲೆ ಬೀಸುತ್ತ ಪೊಲೀಸರು, ಅಕ್ಕಪಕ್ಕದ ಜಗಲಿಗಳಿಂದ "ಓಡಿ ಸಾ, ಓಡಿ" ಎಂಬ ಕೂಗು. ಅರ್ಧ ಬೀದಿ ದಾಟಿರಬಹುದು, ಎಡಕ್ಕೆ ತಿರುಗಿಬಿಟ್ಟೆ. ಎರಡು ಗೋಡೆಗಳ ನಡುವೆ ಒಬ್ಬರು ಹಿಡಿಯುವಷ್ಟು ಸಂದಿ. ಅದರ ಕೊನೆಯಲ್ಲಿ ಬಚ್ಚಲ ಕಾಲುವೆ ಇದೆಯೆಂದು ಅದು ಕಾಣುವ ಮೊದಲೇ ನೆಗೆದೆ. ಹಿತ್ತಿಲ ಬಾಗಿಲಿಗೆ ಬಂದಾಗ ತಲೆ ತಾನಾಗಿ ಬಗ್ಗಿತು, ತೊಲೆ ನನ್ನ ಹಣೆಯ ಮಟ್ಟಕ್ಕಿತ್ತು. ಒಳಗೆ ಕತ್ತಲೆ. ಒರಳಿನ ಹಿಂದೆ ಏಣಿ. ಅದರ ಮೂರನೆಯ ಮೆಟ್ಟಿಲನ್ನು ಬಿಟ್ಟು ನಾಲ್ಕನೆಯದಕ್ಕೆ ಕಾಲಿಟ್ಟು ಹತ್ತಿದೆ; ಮೂರನೆಯದು ಇರಲೇ ಇಲ್ಲ. ಅಟ್ಟದಲ್ಲಿ ಸಾಲಾಗಿ ರಾಗಿ ತುಂಬುವ ಮಣ್ಣಿನ ವಾಡೆಗಳು. ಕೊನೆಯದರ ಹಿಂದೆ ಮೊಣಕಾಲು ಮಡಚಿ ಕೂತೆ. ಅಲ್ಲಿಂದ ಕೆಳಕ್ಕೆ, "ಅಕ್ಕಾ, ನಾಯಿ ಕಟ್ಟಾಕಿ" ಎಂದೆ.

ಇಷ್ಟೂ ಆಗುವಾಗ ನನಗೆ ಭಯವಾಗಲಿಲ್ಲ. ಮನೆಗೆ ಬಂದು ಸೇರಿದವನಿಗೆ ಆಗುವ ಹಾಗೆ ಮೈ ಹಗುರಾಗಿತ್ತು. ಆ ಮಾತು ಬಾಯಿಂದ ಹೊರಬಿದ್ದ ಮೇಲೆಯೇ ನಾನು ಎಲ್ಲಿದ್ದೇನೆಂಬ ಪ್ರಶ್ನೆ ಎದ್ದದ್ದು.

ಕೆಳಗೆ ಐವತ್ತು ದಾಟಿದ ಹೆಂಗಸೊಬ್ಬರು ಕೈಯಲ್ಲಿ ಮೊರ ಹಿಡಿದು ನಿಂತಿದ್ದರು. ಕೂಗಲಿಲ್ಲ, ಬೈಯಲಿಲ್ಲ. ಏಣಿಯ ಬುಡಕ್ಕೆ ಬಂದು, "ನಾಯಿ ಸತ್ತು ಇಪ್ಪತ್ತೊರ್ಸ ಆಯ್ತು ಕಣಪ್ಪ. ಇಳ್ದು ಬಾ" ಎಂದರು.

ಇಳಿದೆ. ಅವರು ಮಣೆ ಹಾಕಿ ಕೂರಿಸಿ ಮಜ್ಜಿಗೆ ಕೊಟ್ಟರು. "ಈ ಜಾಗ ಯಾರು ಏಳುದ್ರು ನಿಂಗೆ?" ಎಂದು ಕೇಳಿದರು. ಯಾರೂ ಹೇಳಿಲ್ಲ ಎಂದೆ. "ಯಾರೂ ಏಳಕ್ಕಾಗಾಕಿಲ್ಲ. ನಂಗೊಬ್ಳಿಗೇ ಗೊತ್ತಿದ್ದುದ್ದು" ಎಂದರು.

ಅವರು ದೊಡ್ಡತಾಯಮ್ಮ, ಪಟೇಲರ ಹೆಂಡತಿ. ಚಳವಳಿಯ ಕಾಲಕ್ಕೆ ಅವರಿಗೆ ಇಪ್ಪತ್ತೆರಡು ವರ್ಷ. ಓಡಿ ಬಂದವನನ್ನು ಅವರೇ ಅಟ್ಟ ಹತ್ತಿಸಿದ್ದರು. ನಾಯಿ ಅಟ್ಟದ ಕಡೆ ನೋಡಿ ಬೊಗಳುತ್ತಿದ್ದುದರಿಂದ ಕಟ್ಟಿಹಾಕಿ ಎಂದಿದ್ದನಂತೆ. ಪಟೇಲರು ಊರಿನ ಮನೆಗಳನ್ನೆಲ್ಲ ಜಾಲಾಡಿದರು, ತಮ್ಮದೊಂದನ್ನು ಬಿಟ್ಟು. ಅವನು ಬೆಳಗಿನ ಜಾವ ಹಿತ್ತಿಲಿಂದ ಹೊರಟ. "ಕ್ಷೇಮವಾಗಿ ಸೇರುದ್ರೆ ಬಂದು ಏಳ್ತೀನಿ ಅಕ್ಕ" ಎಂದವನು ಮತ್ತೆ ಬರಲಿಲ್ಲ. ಮೊದಲು ಗಂಡನ ಅಧಿಕಾರಕ್ಕೆ ಹೆದರಿ ದೊಡ್ಡತಾಯಮ್ಮ ಬಾಯಿ ಬಿಡಲಿಲ್ಲ. ಆಮೇಲೆ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೇಗೆ ಹೇಳುವುದೆಂದು ಬಿಡಲಿಲ್ಲ.

ಅಷ್ಟರಲ್ಲಿ ಮೆದೆಯಲ್ಲಿ ನಾನಿಲ್ಲದ್ದು ಕಂಡು ಊರೇ ಹುಡುಕಿಕೊಂಡು ಬಂತು. ಮುಂದೆ ರಂಗಸ್ವಾಮಿ, ಹಿಂದೆ ಮೇಷ್ಟ್ರು, ಕೋಲೂರಿಕೊಂಡು ಪಟೇಲರು. "ಏನಮ್ಮಿ ಇದು?" ಎಂದು ಪಟೇಲರು ಕೇಳಿದರು. ದೊಡ್ಡತಾಯಮ್ಮ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ಅವತ್ತು ನೀವು ಉಡುಕ್ತಿದ್ದೋನು ಈ ಅಟ್ಟದ ಮೇಲಿದ್ದ. ನಾನೇ ಅತ್ತುಸಿದ್ದೆ" ಎಂದರು.

ನನ್ನಿಂದಾಗಿ ಒಂದು ಸಂಸಾರ ಕೆಟ್ಟಿತೆಂದೇ ನಾನು ಭಾವಿಸಿದೆ. ಪಟೇಲರು ಅಟ್ಟ ನೋಡಿದರು, ಏಣಿ ನೋಡಿದರು. "ಆವತ್ತು ನಾನು ಬಂದು ಇಲ್ಲೇ ಕೂತು ಉಂಡ್ನಲ್ಲಮ್ಮಿ" ಎಂದರು.

"ಊಂ. ಅವ್ನು ಮೇಲೆ ಉಣ್ತಿದ್ದ."

ಪಟೇಲರ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಭುಜ. ಕೋಲು ಬಿಟ್ಟು ಹೊಸಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಮೂವತ್ತೊರ್ಸ ಊರವ್ರ ಕೈಲಿ ಆಡುಸ್ಕಂಡೆ. ನನ್ ಮನೆಲೇ ಇದ್ದ ಅಂದ್ರೆ ಇನ್ನೆಲ್ಲಿ ಇಡೀಲಿ" ಎಂದು ಮತ್ತೆ ನಕ್ಕರು. ಊರೆಲ್ಲ ಅವರ ಜೊತೆ ನಕ್ಕಿತು. ದೊಡ್ಡತಾಯಮ್ಮ ಮಾತ್ರ ಮೊರದಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಪಟೇಲರು ಎದ್ದು ಹೋಗಿ ಪಕ್ಕದಲ್ಲಿ ನಿಂತು, "ಬುಡಮ್ಮಿ, ಒಳ್ಳೇದೇ ಮಾಡ್ದೆ" ಎಂದರು.

ಮೇಷ್ಟ್ರು ಬಿಡುವರೇ? ಕೊನೆಯ ದೃಶ್ಯವನ್ನು ಅಲ್ಲೇ ಮತ್ತೆ ಆಡಿಸಿದರು. ರಂಗಸ್ವಾಮಿಯ ಟೋಪಿ ಇಟ್ಟುಕೊಂಡು ಪಟೇಲರೇ ಹುಡುಕಿದರು, ದೊಡ್ಡತಾಯಮ್ಮ ತಮ್ಮ ಪಾತ್ರವನ್ನು ತಾವೇ ಮಾಡಿದರು. ನಾನು ಮತ್ತೆ ಬೀದಿಯಿಂದ ಓಡಿ ಬರಬೇಕಿತ್ತು. ಈ ಸಲ ಸಂದಿಯೇ ಸಿಗಲಿಲ್ಲ. ದಾಟಿ ಮುಂದೆ ಹೋದವನನ್ನು ರಂಗಸ್ವಾಮಿ ಕೈಹಿಡಿದು ಕರೆತಂದ. ತೊಲೆಗೆ ಹಣೆ ಹೊಡೆದುಕೊಂಡೆ.

ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ನಮ್ಮ ಮನೆಯ ಯಾರೂ ಆ ಸೀಮೆಗೆ ಹೋದವರಲ್ಲ. ಹಿಂದಿನ ಜನ್ಮ ಎನ್ನೋಣವೆಂದರೆ, ಅವನು ಅಟ್ಟದ ಮೇಲೆ ಕೂತಿದ್ದಾಗ ನಾನು ದಾವಣಗೆರೆಯಲ್ಲಿ ಎರಡು ವರ್ಷದ ಕೂಸು. ಅವನ ಹೆಸರನ್ನು ವಿಚಾರಿಸಿ ನೋಡಿದೆ, ಯಾರಿಗೂ ಗೊತ್ತಿಲ್ಲ.

ಆ ಸಂಜೆ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದಾಗ ದೊಡ್ಡತಾಯಮ್ಮ ಬಂದು ಬಾಳೆಲೆಯಲ್ಲಿ ಕಟ್ಟಿದ ರೊಟ್ಟಿ ಕೊಟ್ಟರು. ಇಂಜಿನ್ನು ಶುರುವಾಗಿತ್ತು. ಕಿಟಕಿಯ ಸರಳು ಹಿಡಿದು, "ಅವ್ನು ಸೇರ್ದ ತಾನೇ?" ಎಂದರು. ನನಗೇನು ಗೊತ್ತು ಎನ್ನಬೇಕಿತ್ತು. ಬಾಯಿಗೆ ಬಂದ ಒಂದು ಮಾತು ಹೇಳಿಬಿಟ್ಟೆ. ಅವರ ಮುಖ ತೊಳೆದಿಟ್ಟ ಹಾಗಾಯಿತು, ಬಸ್ಸು ತಿರುಗುವವರೆಗೂ ನಗುತ್ತ ನಿಂತಿದ್ದರು. ಏನೆಂದೆ ಎಂದು ಹಲವರು ಕೇಳಿದ್ದಾರೆ. "ಸೇರ್ದ ಕಣಕ್ಕ" ಎಂದೆನೋ, "ಸೇರ್ದೆ ಕಣಕ್ಕ" ಎಂದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ.