ಗಡಿಯ ಈಚೆಗಿನ ಹೆರಿಗೆ

ನನ್ನ ತವರು ಗದಗ ಜಿಲ್ಲೆ. ಗಂಡನ ಮನೆ ಕೊಪ್ಪಳ ಜಿಲ್ಲೆಯ ಕುಕನೂರಿನ ಹತ್ತಿರದ ಮಂಗಳೂರು, ಕರಾವಳಿಯದ್ದಲ್ಲ. ನಡುವಿನ ದಾರಿ ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದು. ಆದರೆ ಸಂವಿಧಾನಕ್ಕೆ ೩೭೧ ಜೆ ಸೇರಿದ ಮೇಲೆ, ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಬಂತು. ಗದಗಿನವರಿಗೆ ಬರಲಿಲ್ಲ. ಅದರಲ್ಲೇ ಮೈದುನನಿಗೆ ಸರಕಾರಿ ನೌಕರಿ ಸಿಕ್ಕಿದ್ದರಿಂದ ನಮ್ಮತ್ತೆ ಸಂವಿಧಾನವನ್ನು ಮನೆದೇವರ ಪಕ್ಕದಲ್ಲೇ ಕೂರಿಸಿಬಿಟ್ಟಿದ್ದರು.

ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಕಡೆ ಯಾರೂ ಮುರಿಯದ ಪದ್ಧತಿ. ನಮ್ಮತ್ತೆ ಮಾತ್ರ ಸುತಾರಾಂ ಒಪ್ಪಲಿಲ್ಲ. ಕೂಸು ಗಡಿಯಾಚೆ ಹುಟ್ಟಿದರೆ ಮೀಸಲಾತಿ ಕೈತಪ್ಪುತ್ತದೆ ಎಂದು ಅವರ ವಾದ. ಸಂವಿಧಾನದ ವಿರುದ್ಧ, ಅಂದರೆ ತನ್ನವ್ವನ ವಿರುದ್ಧ, ಹೋಗುವವನಲ್ಲ ನನ್ನ ಗಂಡ. ನನಗೆ ಯಾವ ಮೀಸಲಾತಿಯೂ ಬೇಕಿರಲಿಲ್ಲ. ಹೆರಿಗೆಯ ಬ್ಯಾನೆ ತಿನ್ನುವಾಗ ನಮ್ಮವ್ವ ಪಕ್ಕದಲ್ಲಿದ್ದರೆ ಸಾಕಿತ್ತು. ಅವಳೋ ಬೀಗರ ಮನೆಯಲ್ಲಿ ಒಂದು ಹೊತ್ತು ಉಣ್ಣುವುದಕ್ಕೂ ಮುದುಡುವವಳು. ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ.

ನಮ್ಮತ್ತೆ ಅದನ್ನು ನೋಡಿರಬೇಕು. ಮರುದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ನನ್ನ ತವರಿಗೆ ಹೋದರು. ಗಂಡಿನ ತಾಯಿ ತಾನಾಗಿ ಹೋಗಿ ಬೇಡಿಕೊಳ್ಳುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ.

"ನಿಮ್ಮ ಮಗಳನ್ನ ಕಳಸಾಕ ನನಗ ಧೈರ್ಯ ಇಲ್ರಿ," ಎಂದರಂತೆ. "ನೀವ ಬರ್ರಿ. ಅಡಗಿ ಮನಿ ನಿಮ್ಮ ಕೈಯಾಗ ಕೊಡತೀನಿ."

ಅವ್ವ ಬಂದಳು. ಕೊಪ್ಪಳದ ಆಸ್ಪತ್ರೆಯಲ್ಲಿ ಮಗಳು ಹುಟ್ಟುವಾಗ ನನ್ನ ಕೈ ಅವ್ವನ ಕೈಯಲ್ಲಿತ್ತು. ಆಮೇಲೆ ಬಾಣಂತನ. ಅವ್ವ ಅಂಟಿನ ಉಂಡಿ ಕಟ್ಟಿದಳು, ನಾನು ಮಲಗುವ ಹೊರಸಿನ ಕೆಳಗೆ ಕೆಂಡ ಇಟ್ಟಳು. ನಮ್ಮತ್ತೆ ತಮ್ಮದೇ ಒಲೆಯ ಮುಂದೆ ಉಪ್ಪಿಗೂ ಅವಳನ್ನೇ ಕೇಳುತ್ತಿದ್ದರು. ಇಬ್ಬರೂ ಕೂಡಿ ನನಗೆ ಬೈಯುವಷ್ಟು ಒಂದಾದರು.

ಮಗಳು ಸಾಲಿಗೆ ಹೋಗುವ ಹೊತ್ತಿಗೆ ಮೀಸಲಾತಿಯ ಪ್ರಮಾಣಪತ್ರ ಕೇಳಲು ಹೋದಾಗ ತಹಸೀಲ್ದಾರ ಕಚೇರಿಯಲ್ಲಿ ಸಂಗತಿ ಗೊತ್ತಾಯಿತು. ಅಪ್ಪ ಈ ಸೀಮೆಯವನಾಗಿದ್ದರೆ ಸಾಕು, ಕೂಸು ಎಲ್ಲಿ ಹುಟ್ಟಿದರೂ ಹಕ್ಕು ಇದ್ದೇ ಇರುತ್ತದಂತೆ. ನಾನು ಬಿದ್ದು ಬಿದ್ದು ನಕ್ಕೆ. ನಮ್ಮತ್ತೆ ನಗಲಿಲ್ಲ, ಅವತ್ತು ಸರಿಯಾಗಿ ಉಣ್ಣಲೂ ಇಲ್ಲ. ನನಗೆ ಅವರ ಮೇಲೆ ಸಿಟ್ಟೇ ಉಳಿದಿರಲಿಲ್ಲ. ಆ ತಪ್ಪು ತಿಳುವಳಿಕೆ ಇರದಿದ್ದರೆ ಇಬ್ಬರು ತಾಯಂದಿರು ಒಂದೇ ಸೂರಿನ ಕೆಳಗೆ ನನಗೆ ಎಲ್ಲಿ ಸಿಗುತ್ತಿದ್ದರು?

ಮತ್ತೆ ಬಸುರಿಯಾದೆ. ಎರಡನೆಯದು ಗಂಡನ ಮನೆಯಲ್ಲೇ ಆಗುವುದು ರೂಢಿ. ಏಳು ತಿಂಗಳಾದಾಗ ನಮ್ಮತ್ತೆ ನನ್ನ ಸೀರೆಗಳನ್ನು ಚೀಲಕ್ಕೆ ತುಂಬಿದರು. ಅವುಗಳ ಮೇಲೆ ತಮ್ಮವೂ ಎರಡು ಇಟ್ಟರು.

"ಈ ಸಲ ನಿನ್ನ ತವರಮನಿಗೇ ಹೋಗೂಣು," ಎಂದರು. "ನಿಮ್ಮವ್ವಗ ಫೋನ್ ಮಾಡಿ ಕೇಳು, ನನಗೂ ಮಲಗಾಕ ಜಾಗಾ ಐತೇನು ಅಂತ."