ಗೋಲಿಗೆ ಐದು ರಿಯಾಲ್

ಶುಕ್ರವಾರ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಹಾಕಿ ತಂಡ ಮೂರನೇ ಗೋಲು ಹೊಡೆಯಿತು. ಅಲ್ ಅಮೇರಾತ್‌ನ ಮೈದಾನದಲ್ಲಿ ನಮ್ಮವರೆಲ್ಲ ಕುಣಿದರು. ಮ್ಯಾನೇಜರ್ ಆದ ನಾನು ಮಾತ್ರ ನೀರಿನ ಕ್ಯಾನಿನ ಮೇಲೆ ಕುಸಿದು ಕುಳಿತೆ.

ಮೂರೂ ಗೋಲು ಹೊಡೆದವರು ನಮ್ಮ ಹೊಸ ಆಟಗಾರ. ಹೊಸಬರೆಂದರೆ ಎಳೆಯರಲ್ಲ, ವಯಸ್ಸು ನಲವತ್ನಾಲ್ಕು, ಕಾರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ಬ್ಯಾರಿ ಸಾಹೇಬರು. ಊರಿನಿಂದ ಇಲ್ಲಿಗೆ ದುಡಿಯಲು ಬಂದವರೇ ಸೇರಿ ನಡೆಸುವ ನಮ್ಮ ಟೂರ್ನಿಯಲ್ಲಿ ಒಂದು ತಂಡ ಆಟಗಾರರಿಗೆ ಮುನ್ನೂರು ರಿಯಾಲ್‌ಗಿಂತ ಹೆಚ್ಚು ಕೊಡುವಂತಿಲ್ಲ. ಮೊದಲ ವರ್ಷದವರಿಗೆ ಹತ್ತೇ ರಿಯಾಲ್. ಬೇಕಾದರೆ ಮೇಲೆ ಬೋನಸ್. ಬೋನಸ್ಸೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಒಮ್ಮೆ ಬರೆದುಕೊಟ್ಟ ಬೋನಸ್ಸನ್ನು ಆಟಗಾರ ಬೇಡವೆಂದರೂ ಬಿಡುವಂತಿಲ್ಲ. ಮಿತಿ ದಾಟಿದಷ್ಟನ್ನು ಮುಂದಿನ ವರ್ಷ ತಂಡದ ಅತಿ ದುಬಾರಿ ಆಟಗಾರನ ಸಂಭಾವನೆಯಿಂದ ಕತ್ತರಿಸಬೇಕು. ಬಿ.ಕಾಂ. ಓದಿದವನೆಂದು ಈ ನಿಯಮಗಳನ್ನೆಲ್ಲ ನನ್ನಿಂದಲೇ ಬರೆಸಿದ್ದರು.

ಸಾಹೇಬರ ಹತ್ತೂ ಸೇರಿ ಎಲ್ಲರ ಪಾಲು ಕಳೆದು ಮೂವತ್ತು ರಿಯಾಲ್ ಉಳಿದಿತ್ತು. ಸಾಹೇಬರ ಹೊಟ್ಟೆ ನೋಡಿ, ಧೈರ್ಯವಾಗಿ 'ಗೋಲಿಗೆ ಐದು' ಎಂದು ಬರೆದುಕೊಟ್ಟೆ. ಆರು ಗೋಲಿಗೆ ಮಿತಿ ಭರ್ತಿ. ಆ ಹೊಟ್ಟೆ ಹೊತ್ತುಕೊಂಡು ಆರು ಗೋಲು ಹೊಡೆಯುವುದುಂಟೆ?

ಅತಿ ದುಬಾರಿ ಆಟಗಾರ ನಮ್ಮ ಗೋಲ್‌ಕೀಪರ್, ನನ್ನ ಹೆಂಡತಿಯ ಅಣ್ಣ. ತಂಡದಲ್ಲಿ ತನಗೇ ಹೆಚ್ಚು ಬೆಲೆ ಎಂದು ಭಾವ ಊರಿಗೆ ಫೋನ್ ಮಾಡಿ ನಮ್ಮ ಅತ್ತೆಗೆ ಹೇಳಿಯೂ ಆಗಿತ್ತು. ಆ ಬೆಲೆ ಇಳಿದರೆ ನನಗೆ ಮನೆಯಲ್ಲಿ ಅನ್ನ ಸಿಗುವುದು ಕಷ್ಟ.

ಎರಡನೇ ಪಂದ್ಯದಲ್ಲಿ ಭಾವ ಎರಡು ಗೋಲು ಬಿಟ್ಟರು. ಸಾಹೇಬರು ಮೂರು ಹೊಡೆದು ಗೆಲ್ಲಿಸಿದರು. ಆರು ಆಯಿತು.

"ಎಂತ ಸಾರ್, ಗೆದ್ರೂ ನಿಮ್ಮ ಮುಖ ಹೀಗಾ?"

"ಸಾಹೇಬ್ರೆ, ಕೊನೇ ಮ್ಯಾಚಲ್ಲಿ ಬೇರೆಯವರಿಗೆ ಸ್ವಲ್ಪ ಪಾಸ್ ಕೊಡಿ."

"ಪಾಸಿಗೆಷ್ಟು?"

"ಪಾಸಿಗೆ ಏನೂ ಇಲ್ಲ."

"ಹಾಗಾದ್ರೆ ಖಲಾಸ್. ನಾನು ವ್ಯಾಪಾರಿ ಅಲ್ವಾ ಸಾರ್?"

ಅಂದಿನಿಂದ ನನಗೆ ನಿದ್ದೆಯಿಲ್ಲ. ಅಲ್ ಖುವೈರ್‌ನ ಆಫೀಸಿನಲ್ಲಿ ಆಡಿಟ್ ಫೈಲು ತೆರೆದರೂ ಸಾಹೇಬರ ಹೊಟ್ಟೆಯೇ ಓಡಿ ಬರುತ್ತಿತ್ತು.

ಕೊನೆಯ ಪಂದ್ಯ ಡ್ರಾ ಆದರೂ ಕಪ್ ನಮ್ಮದೇ. ವಿರಾಮದ ತನಕ ಎರಡೂ ಕಡೆ ಗೋಲಿಲ್ಲ. ತಡೆಯಲಾರದೆ ಭಾವನಿಗೆ ಹೇಳಿಬಿಟ್ಟೆ: "ಭಾವ, ನೀವು ಗೋಲು ಬಿಟ್ರೆ ಸಾಹೇಬ್ರು ಹೊಡೀಲೇಬೇಕು. ಅವರು ಹೊಡೆದಷ್ಟೂ ಮುಂದಿನ ವರ್ಷ ನಿಮ್ಮ ದುಡ್ಡು ಕಟ್."

"ಮಾರಾಯಾ, ಇದನ್ನ ಈಗ ಹೇಳೂದಾ? ಅಮ್ಮನಿಗೆ ಎಂತ ಹೇಳ್ಲಿ ನಾನು?"

ಆಮೇಲೆ ಭಾವ ಗೋಡೆಯಾದರು. ಕಾಲಲ್ಲಿ, ಎದೆಯಲ್ಲಿ, ಒಮ್ಮೆ ಬೆನ್ನಲ್ಲೂ ಚೆಂಡು ತಡೆದರು. ಆದರೆ ಸಾಹೇಬರನ್ನು ತಡೆಯುವವರು ಯಾರು? ಕೊನೆಯ ನಿಮಿಷದಲ್ಲಿ ಅವರೊಬ್ಬರೇ ಎದುರು ತಂಡದ ಗೋಲಿನ ಮುಂದೆ. ಹೊಡೆದರು. ಚೆಂಡು ಕಂಬಕ್ಕೆ ಬಡಿದು 'ಟೊಕ್' ಎಂದಿತು.

ನಾನು ಎದ್ದು ಚಪ್ಪಾಳೆ ತಟ್ಟಿದೆ. ಸಾಹೇಬರು ಸೊಂಟಕ್ಕೆ ಕೈಕೊಟ್ಟು ನಿಂತರು. "ಸಾರ್, ನೀವು ಯಾವ ಟೀಮಿನ ಮ್ಯಾನೇಜರ್?"

ಕಪ್ ಬಂದರೂ ಆ 'ಟೊಕ್' ಹೋಗಲಿಲ್ಲ. ಪಕ್ಕದ ಫ್ಲಾಟಿನ ಬಾಗಿಲು ಬಡಿದರೂ ಎಚ್ಚರವಾಗುತ್ತಿತ್ತು. ಮೂರು ವಾರದ ಬಳಿಕ ಒಂದು ಗುರುವಾರ ಸಮಿತಿಯವರು ನಮ್ಮ ಲೆಕ್ಕಕ್ಕೆ ಸಹಿ ಹಾಕಿದರು: ಮುನ್ನೂರು ರಿಯಾಲ್, ಅದರ ಮೇಲೆ ಒಂದು ಬೈಸಾ ಚಿಲ್ಲರೆಯೂ ಹೆಚ್ಚಿಲ್ಲ. ಭಾವ ನಮ್ಮ ಮನೆಯಿಂದಲೇ ಅತ್ತೆಗೆ ಫೋನ್ ಮಾಡಿದರು. "ಮುಂದಿನ ವರ್ಷವೂ ಅಷ್ಟೇ ಅಮ್ಮಾ, ಕಡಿಮೆ ಮಾಡ್ಲಿಕ್ಕೆ ಇವರಿಗೆ ಧೈರ್ಯ ಉಂಟಾ?" ಅವರು ಮಾತು ಮುಗಿಸುವ ಮೊದಲೇ ನಾನು ಸೋಫಾದಲ್ಲಿ ನಿದ್ದೆಹೋದೆನಂತೆ. ಎದ್ದದ್ದು ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ.