ಅಮಾವಾಸ್ಯೆಯ ದಿನ ಕೇಳಿಸಿದ ಮಗ್ಗ

ದೆವ್ವ, ಗಾಳಿ, ಸತ್ತವರು ಬಂದುಹೋಗುವುದು, ಇಂಥ ಮಾತು ಬಂದರೆ ಮೊದಲು ನಗುತ್ತಿದ್ದವನು ನಾನೇ. ಯಾರಾದರೂ ಕಣ್ಣಾರೆ ಕಂಡೆ ಎಂದರೆ, ಅವತ್ತು ಏನು ಕುಡಿದಿದ್ದಿರಿ ಎಂದು ಕೇಳಿ ಜಗಳ ತಂದುಕೊಳ್ಳುತ್ತಿದ್ದೆ. ಈಗ ನಂಬುತ್ತೇನೆ ಎಂದೇನೂ ಹೇಳುತ್ತಿಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಅಪ್ಪ ತೀರಿಹೋಗಿ ಮೂರು ವರ್ಷವಾಗಿತ್ತು. ನೆಲದ ಗುಂಡಿಗೆ ಕಾಲಿಳಿಸಿ ತುಳಿಯುವ ಅವರ ಗುಂಡಿ ಮಗ್ಗವನ್ನು ಬಿಚ್ಚಿಸಿ, ಗುಂಡಿ ಮುಚ್ಚಿಸಿ, ಆ ಜಾಗದಲ್ಲಿ ಪವರ್‌ಲೂಮ್ ಹಾಕಿಸಿದ್ದೆ. ಅಪ್ಪನ ಎಡಗಾಲಿನ ಮಂಡಿ ಸರಿಯಿರಲಿಲ್ಲ. ಬಲಗಾಲಲ್ಲಿ ತುಳಿದಾಗ ಪೆಟ್ಟು ಚುರುಕಾಗಿ ಬೀಳುತ್ತಿತ್ತು, ಎಡಗಾಲಿನ ಸರದಿಯಲ್ಲಿ ಒಂದು ಕ್ಷಣ ತಡೆಯುತ್ತಿತ್ತು. ಟಕ್‌ಟಕ್, ಒಂದು ತಡೆ, ಮತ್ತೆ ಟಕ್‌ಟಕ್. ಬೀದಿಯ ತಿರುವಿನಲ್ಲೇ ಅದು ನಮ್ಮ ಮನೆ ಮಗ್ಗ ಎಂದು ತಿಳಿಯುತ್ತಿತ್ತು. ನೇಕಾರರ ಮಕ್ಕಳಿಗೆ ಇದು ದೊಡ್ಡ ವಿದ್ಯೆಯೇನಲ್ಲ, ಯಾರ ಮಗ್ಗ ಯಾವುದು ಎಂದು ಕಿವಿಗೇ ಗೊತ್ತಿರುತ್ತದೆ.

ನನಗೆ ಫೋಟೋ ಹುಚ್ಚು. ಅಪ್ಪ ಒಮ್ಮೆ, "ನಂದೂ ಒಂದು ತೆಗಿಯೋ, ಮಗ್ಗದಲ್ಲಿ ಕೂತಿರೋ ಹಂಗೆ" ಎಂದಿದ್ದರು. ಒಳಗೆ ಬೆಳಕು ಸಾಲದಪ್ಪ ಎಂದೆ. "ಇದೇ ಬೆಳಕಲ್ಲಿ ನಿಮ್ಮನ್ನೆಲ್ಲ ಸಾಕಿದೀನಿ ಕಣೋ" ಎಂದು ನಕ್ಕರು. ನಾಳೆ ನಾಡಿದ್ದು ಎನ್ನುತ್ತಲೇ ಅವರು ಹೋಗಿಬಿಟ್ಟರು. ಊರವರ ಫೋಟೋ ಎಲ್ಲ ತೆಗೆದ ನನ್ನ ಮನೆಯಲ್ಲಿ ಅಪ್ಪನದೊಂದು ಫೋಟೋ ಇಲ್ಲ.

ನಮ್ಮಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಜ್ವರವಿದ್ದರೂ ನೇಯುತ್ತಿದ್ದ ಅಪ್ಪ, ಆ ದಿನ ಮಾತ್ರ ಲಾಳಿಯನ್ನೂ ಕೈಯಿಂದ ಸರಿಸುತ್ತಿರಲಿಲ್ಲ. ನಮಗೆ ರಜೆ ಎಂದರೆ ಅದೊಂದೇ. ಅಂಥ ಒಂದು ಅಮಾವಾಸ್ಯೆಗೆ ನಾನೂ ಗೆಳೆಯ ರಾಮಾಂಜಿಯೂ ಮಾಕಳಿದುರ್ಗಕ್ಕೆ ಹೊರಟೆವು. ರಾಮಾಂಜಿ ಗೌರಿಬಿದನೂರಿನವನು, ನಮ್ಮೂರಿನ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿ ಆಗ ಒಂದು ವರ್ಷವಾಗಿತ್ತು. "ಇವತ್ತೇ ಆಗ್ಬೇಕಾ ಬೆಟ್ಟ?" ಎಂದು ಅಮ್ಮ ಗೊಣಗಿದರು. ಹೂಂ ಎಂದು ರೈಲು ಹತ್ತಿದೆವು.

ಬೆಟ್ಟದ ಮೇಲಿನ ಕೋಟೆಯ ಬೆನ್ನಿನ ಕಡೆ ದೊಡ್ಡ ಬಂಡೆಗಳ ನಡುವೆ ಸೀಳುಗಳಿವೆ. ಒಬ್ಬ ಮನುಷ್ಯ ಅಡ್ಡಡ್ಡ ತೂರುವಷ್ಟು ಜಾಗ, ಮೇಲೆ ಒಂದು ಗೀರು ಆಕಾಶ. ನೆತ್ತಿಗೆ ಬಿಸಿಲು ಬಂದಾಗ ಮಾತ್ರ ಬೆಳಕು ಒಳಗಿಳಿಯುತ್ತದೆ, ಮಗ್ಗಕ್ಕೆ ಹೂಡಿದ ಹಾಸಿನ ಎಳೆಗಳ ಹಾಗೆ. ಅದು ಕಾಲು ಗಂಟೆಯೂ ನಿಲ್ಲುವುದಿಲ್ಲ. ಅದಕ್ಕಾಗಿ ಕಾದು ಕೂತು ಹನ್ನೊಂದು ಫೋಟೋ ತೆಗೆದೆವು. ರೋಲಿನಲ್ಲಿ ಒಂದು ಉಳಿದಿತ್ತು. ಒಳಗಿನ ಸೀಳು ಇನ್ನೂ ಚೆನ್ನಾಗಿದೆ, ಹೋಗೋ ಎಂದು ಹುರಿದುಂಬಿಸಿದವನು ನಾನೇ. "ತೆಗೆದು ಬಂದ್ಬಿಡ್ತೀನಿ, ನೀನು ಬುತ್ತಿ ಬಿಚ್ಚಿರು" ಎಂದು ಅವನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ತೂರಿಹೋದ.

ಅರ್ಧ ಗಂಟೆಯಾದರೂ ಬರಲಿಲ್ಲ. ಹೋಗಿ ನೋಡಿದರೆ ಸೀಳು ಮೂರಾಗಿ, ಆಮೇಲೆ ಎಷ್ಟಾಗಿಯೋ ಕವಲೊಡೆದಿತ್ತು. ಕೂಗಿದೆ. ಎಲ್ಲಿಂದಲೋ ಒಂದು ನರಳಿಕೆ ಕೇಳಿಸಿತು. ಆದರೆ ಆ ಬಂಡೆಗಳ ನಡುವೆ ಯಾವ ದನಿಯೂ ನಾಲ್ಕೂ ಕಡೆಯಿಂದ ಬರುತ್ತದೆ. ತೆವಳಿ ತೆವಳಿ ಹುಡುಕಿದೆ. ಮೊಣಕೈ ತರಿದು ರಕ್ತ ಬಂತು. ಸ್ವಲ್ಪ ಹೊತ್ತಿಗೆ ನರಳಿಕೆಯೂ ನಿಂತಿತು. ಹುಡುಕುತ್ತ ಹುಡುಕುತ್ತ ಗಂಟೆ ನಾಲ್ಕಾಗಿತ್ತು. ಜನರನ್ನು ಕರೆಯಲು ಕೆಳಗಿಳಿದರೆ ಕತ್ತಲಾಗುತ್ತದೆ, ಕರೆತಂದರೂ ಎಲ್ಲಿ ಎಂದು ತೋರಿಸುವುದು? ಅವನನ್ನು ನಾನೇ ಕೊಂದೆ ಎನ್ನಿಸಿ ಅಲ್ಲೇ ಕುಸಿದು ಕೂತು ಅತ್ತೆ.

ಆಗ ಕೇಳಿಸಿತು. ಟಕ್‌ಟಕ್, ಒಂದು ತಡೆ, ಟಕ್‌ಟಕ್.

ಆ ಸದ್ದು ಮಾತ್ರ ನಾಲ್ಕು ಕಡೆಯಿಂದ ಬರಲಿಲ್ಲ. ಎಡಗಡೆಯ ಒಂದು ಸಂದಿನಿಂದ, ನಮ್ಮ ಮನೆಯ ನಡುಮನೆಯಿಂದ ಬಂದಷ್ಟು ಸ್ಪಷ್ಟವಾಗಿ ಬಂತು. ಆ ಸಂದಿನ ಮುಂದೆ ಮೂರು ಸಲ ಹಾದುಹೋಗಿದ್ದೆ, ಬರೀ ಬಿರುಕು ಎಂದುಕೊಂಡು. ಹೊಟ್ಟೆಯ ಮೇಲೆ ನುಸುಳಿದೆ. ಆಚೆಗೆ ಬಾವಿಯಂಥ ಕುಳಿ, ಅದರ ತಳದಲ್ಲಿ ರಾಮಾಂಜಿ. ಕಾಲು ಮುರಿದಿತ್ತು, ಕಣ್ಣು ಮುಚ್ಚಿದ್ದ. ಇಳಿದು ಅವನ ಹೆಗಲು ಮುಟ್ಟಿದೆ. ಸದ್ದು ನಿಂತಿತು.

ನೀರು ಕುಡಿಸಿ, ಜಾಗದ ಗುರುತಿಗೆ ನನ್ನ ಶರಟು ಬಂಡೆಗೆ ಕಟ್ಟಿ, ಕೆಳಗೆ ಓಡಿದೆ. ಕುರಿ ಮೇಯಿಸುವವರು ನಾಲ್ಕು ಜನ ಬಂದು ಕಂಬಳಿಯಲ್ಲಿ ಹೊತ್ತು ಇಳಿಸಿದರು. ಕಲ್ಲು ಒಡೆಯುವವರ ಸದ್ದಿರಬಹುದೇ ಎಂದು ಕೇಳಿದೆ. ಅವತ್ತು ಯಾರೂ ಬಂದಿರಲಿಲ್ಲವಂತೆ. ರೈಲೇ ಎಂದು ಸ್ಟೇಷನ್ನಿನಲ್ಲಿ ವಿಚಾರಿಸಿದೆ. ಆ ಹೊತ್ತಿಗೆ ಯಾವ ಗಾಡಿಯೂ ಇರಲಿಲ್ಲ. ನನ್ನ ತಲೆಯೇ ಕೆಟ್ಟಿತ್ತು ಎಂದು ತೀರ್ಮಾನಿಸಿ ನೆಮ್ಮದಿಯಾಗಿದ್ದೆ.

ನಾಲ್ಕು ದಿನ ಕಳೆದು ಆಸ್ಪತ್ರೆಗೆ ಹೋದಾಗ ರಾಮಾಂಜಿಯೇ ಮಾತು ತೆಗೆದ. "ನೀನು ಕಲ್ಲು ಕುಟ್ಕೊಂಡ್ ಬರ್ತಿದ್ದೆ ನೋಡು, ಅದು ಕೇಳಿಸ್ತಿತ್ತು ಕಣೋ. ಅದ್ರಿಂದ್ಲೇ ಜೀವ ಹಿಡ್ಕೊಂಡೆ."

ನಾನು ಕಲ್ಲು ಕುಟ್ಟಿರಲಿಲ್ಲ. ಹೇಗೆ ಕೇಳಿಸಿತು ಎಂದೆ. ಅವನು ಮಂಚದ ಕಬ್ಬಿಣದ ಮೇಲೆ ಉಗುರಿನಿಂದ ಬಡಿದು ತೋರಿಸಿದ. ಎರಡು ಪೆಟ್ಟು, ಒಂದು ತಡೆ, ಮತ್ತೆ ಎರಡು. ಅಪ್ಪನನ್ನಾಗಲಿ ಅವರ ಮಗ್ಗವನ್ನಾಗಲಿ ಅವನು ಕಂಡವನೇ ಅಲ್ಲ. ನಾನು ಎದ್ದು ಬಂದೆ.

ಅಮ್ಮನಿಗೆ ಮಾತ್ರ ಎಲ್ಲ ಹೇಳಿದೆ. ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡರು. ಹೆದರಲಿಲ್ಲ, ಅಳಲಿಲ್ಲ, ಸುಳ್ಳು ಎನ್ನಲೂ ಇಲ್ಲ. ಎಲ್ಲ ಮುಗಿದ ಮೇಲೆ ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಹಂಗಾದ್ರೆ ನಿಮ್ಮಪ್ಪ ಅಮಾವಾಸ್ಯೆ ದಿನಾನೂ ಮಗ್ಗ ಮುಟ್ಟಿದ್ರಾ?" ಎಂದರು.